ಬೆಟ್ಟ ಹತ್ತೋರಿಗೆ ಬುದ್ಧಿ ಹೇಳಿ ನಾನು ಕೆಟ್ಟೆ

ಬೆಟ್ಟ ಹತ್ತುವವರಿಗೆ ಬುದ್ಧಿ ಹೇಳುವ ಕೆಲಸಕ್ಕೆ ಕೂತವರಿಗೆ ನಗುವುದಕ್ಕೆ ಬೇರೆ ಏನೂ ಬೇಕಾಗುವುದಿಲ್ಲ. ನಾವು ಹೇಳುವುದು ಒಂದು, ಅವರು ಕೇಳಿಸಿಕೊಳ್ಳುವುದು ಇನ್ನೊಂದು, ಮೇಲೆ ಹೋದಾಗ ಆಗುವುದು ಮತ್ತೊಂದು.

ಕಡೂರಿನಲ್ಲಿ ನನ್ನದೂ ನನ್ನ ಗಂಡನದೂ ಒಂದು ಮೆಡಿಕಲ್ ಸ್ಟೋರ್ ಇದೆ. ಕಾಲೇಜಿನಲ್ಲಿದ್ದಾಗ ನಾನು ಎನ್‌ಸಿಸಿಯಿಂದ ಹಿಮಾಲಯಕ್ಕೆ ಹೋಗಿ ಪರ್ವತಾರೋಹಣದ ತರಬೇತಿ ಮುಗಿಸಿಕೊಂಡು ಬಂದಿದ್ದೆ. ಮದುವೆಯಾಗಿ, ಮಕ್ಕಳಾಗಿ, ಮಾತ್ರೆ ಎಣಿಸುತ್ತಾ ಕೂತ ಮೇಲೆ ಅದನ್ನು ಊರೂ ಮರೆತಿತ್ತು, ನಾನೂ ಮರೆತಿದ್ದೆ. ಈಚೆಗೆ ಎಲ್ಲರ ಮೊಬೈಲಿನ ತುಂಬ ಬೆಟ್ಟದ ವಿಡಿಯೋಗಳು ಬಂದವು. ಅದರ ಜೊತೆಗೆ ಡಾಕ್ಟರುಗಳು ಸಿಕ್ಕಸಿಕ್ಕವರಿಗೆಲ್ಲ ‘ನಡೀರಿ, ಚೆನ್ನಾಗಿ ನಡೀರಿ’ ಅನ್ನತೊಡಗಿದರು. ನಮ್ಮ ಅಂಗಡಿಗೆ ಬರುವ ಸಕ್ಕರೆ ಕಾಯಿಲೆಯವರು, ಬಿಪಿಯವರು, ಸೊಂಟ ಹಿಡಿದವರು ಎಲ್ಲ ಸೇರಿ ಒಂದು ಬಳಗ ಕಟ್ಟಿದರು. ತಿಂಗಳಿಗೊಂದು ಭಾನುವಾರ ಬೆಟ್ಟ ಹತ್ತುವುದು ಅಂತ ತೀರ್ಮಾನವಾಯಿತು.

ನಮ್ಮ ಊರಿಂದ ನೋಡಿದರೆ ಬೆಟ್ಟ ದಿನಾ ಕಾಣುತ್ತದೆ. ಆದರೆ ಅದು ಮದುವೆ ಮನೆಯಲ್ಲಿ ದೂರದಿಂದಲೇ ತಲೆಯಾಡಿಸುವ ನೆಂಟರ ಹಾಗೆ. ಹತ್ತಿರ ಹೋಗಿ ಮಾತಾಡಿಸಿ ಅಭ್ಯಾಸವಿಲ್ಲ. ಹಾಗಾಗಿ ಯಾವ ಶೂ, ಯಾವ ಬ್ಯಾಗು, ಯಾವ ದಾರಿ, ಮಳೆಯೋ ಬಿಸಿಲೋ ಅಂತ ಎಲ್ಲದಕ್ಕೂ ನನ್ನನ್ನೇ ಕೇಳುತ್ತಾರೆ. ನಾನೂ ಬಾಯಿ ನೋಯುವಷ್ಟು ಹೇಳುತ್ತೇನೆ. ಆಮೇಲೆ ಏನೇನಾಯಿತು ಅನ್ನುವುದು ಇಲ್ಲಿದೆ.

ಪಳಗಿದ ಶೂ

ನಮ್ಮ ಬಳಗದಲ್ಲಿ ಒಬ್ಬರು ಕೊಬ್ಬರಿ ಮಂಡಿ ಸಾಹುಕಾರರಿದ್ದಾರೆ. ಬಿಳಿ ಪಂಚೆ, ಬಿಳಿ ಶರಟು, ಹೆಗಲ ಮೇಲೊಂದು ಟವೆಲ್ಲು. ಹುಟ್ಟಿದಾಗಿನಿಂದ ಚಪ್ಪಲಿ ಬಿಟ್ಟು ಬೇರೆ ಮೆಟ್ಟಿದವರಲ್ಲ. ಮೊದಲ ಸಲ ಮುಳ್ಳಯ್ಯನಗಿರಿಗೆ ಹೊರಡುವ ಮುಂಚೆ ಅವರನ್ನು ಕೂರಿಸಿಕೊಂಡು ಬಿಡಿಸಿ ಹೇಳಿದೆ.

“ನೋಡಿ ಯಜಮಾನ್ರೇ, ಕೆಳಗಡೆ ಚೆನ್ನಾಗಿ ಹಲ್ಲಿರೋ ಶೂ ತಗೊಳ್ಳಿ. ಇಳಿಯೋವಾಗ ಹೆಬ್ಬೆರಳು ಮುಂದಕ್ಕೆ ಗುದ್ದುತ್ತೆ, ಅದಕ್ಕೆ ಒಂದು ಸೈಜು ದೊಡ್ಡದೇ ಇರಲಿ. ಹೊಸದನ್ನ ಹಂಗೇ ಹಾಕ್ಕೊಂಡು ಬಂದ್ರೆ ಬೊಬ್ಬೆ ಏಳುತ್ತೆ. ಹದಿನೈದು ದಿನ ಮುಂಚೆ ತಗೊಂಡು, ಹಾಕ್ಕೊಂಡು ಓಡಾಡಿ, ಪಳಗಿಸಿ ತನ್ನಿ.”

“ಪಳಗಿಸೋದಾ? ಹೋರಿ ಪಳಗಿಸಿದಂಗೆ?”

“ಹಂಗೇ ಅಂದ್ಕೊಳ್ಳಿ.”

ಹೊರಡುವ ದಿನ ನೋಡಿದರೆ ಶೂ ನಿಜಕ್ಕೂ ಪಳಗಿತ್ತು. ಮಣ್ಣು ಹತ್ತಿ, ಮಡಿಕೆ ಬಿದ್ದು, ಮೆತ್ತಗಾಗಿತ್ತು. ನನ್ನ ಮಾತು ಇಷ್ಟು ಶ್ರದ್ಧೆಯಿಂದ ಕೇಳಿದವರು ಇವರೊಬ್ಬರೇ ಅಂತ ಸಂತೋಷಪಟ್ಟೆ. ಹತ್ತುವಾಗ ಚೆನ್ನಾಗಿಯೇ ಹತ್ತಿದರು. ಇಳಿಯುವಾಗ ಮಾತ್ರ ನಾಲ್ಕು ಹೆಜ್ಜೆ ಇಟ್ಟರೆ ಎಡಕ್ಕೆ ವಾಲುತ್ತಿದ್ದರು. ಎಡಗಡೆ ಇಳಿಜಾರು. ಹಿಂದಿನಿಂದ ಕೂಗಿದೆ.

“ಯಜಮಾನ್ರೇ, ಬಲಕ್ಕೆ ಬನ್ನಿ, ಬಲಕ್ಕೆ!”

“ನಾನು ಬಲಕ್ಕೇ ಬತ್ತಿದೀನಿ ಮೇಡಂ. ಶೂ ಎಡಕ್ಕೆ ಹೋಗ್ತೈತೆ.”

ಒಂದು ಬಂಡೆಯ ಮೇಲೆ ಕೂರಿಸಿ ಶೂ ಬಿಚ್ಚಿಸಿ ನೋಡಿದೆ. ಎಡಗಾಲಿನದು ಒಂದು ಮಗ್ಗುಲು ಪೂರಾ ಸವೆದಿತ್ತು. “ಇದನ್ನ ನೀವೇ ಹಾಕ್ಕೊಂಡಿದ್ರಾ?” ಅಂತ ಕೇಳಿದೆ. ಅವರು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು.

“ಅಲ್ಲಾ ಮೇಡಂ, ಮಂಡೀಲಿ ಗಾದಿ ಮೇಲೆ ಕೂರೋನು ನಾನು. ಶೂ ಹಾಕ್ಕೊಂಡು ಕೂರೋಕಾಗ್ತದಾ? ಮನೇಲಿ ಹಾಕಿದ್ರೆ ನಮ್ಮೋಳು ಒಳಗೆ ಬಿಟ್ಕೊಳ್ಳಲ್ಲ. ನಮ್ಮ ಹಮಾಲಿ ಕಾಲೂ ನನ್ನ ಕಾಲಿನಷ್ಟೇ ಐತೆ. ಅವನ ಕೈಗೆ ಕೊಟ್ಟು, ಒಸಿ ಪಳಗಿಸಪ್ಪಾ ಅಂದೆ.”

“ಅದು ಸರಿ. ಎಡಕ್ಕೆ ಯಾಕೆ ವಾಲುತ್ತೆ?”

“ಅವನು ಮೂಟೆ ಹೊರೋದು ಎಡ ಹೆಗಲ ಮೇಲೆ.”

ಅಲ್ಲಾಡದ ಚುಕ್ಕಿ

ಸಖರಾಯಪಟ್ಟಣದ ಹತ್ತಿರ ಶಕುನಗಿರಿ ಅಂತ ಒಂದು ಬೆಟ್ಟವಿದೆ. ಹೊಸಬರಿಗೆ ಅಭ್ಯಾಸ ಮಾಡಿಸಲು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಹಿಂದಿನ ದಿನವೇ ಎಲ್ಲರಿಗೂ ಹೇಳಿದ್ದೆ: “ಮೇಲೆ ಸಿಗ್ನಲ್ ಸಿಗಲ್ಲ. ಮ್ಯಾಪನ್ನ ಇವತ್ತೇ ಫೋನಿನೊಳಗೆ ಇಳಿಸ್ಕೊಂಡಿರಿ. ನೀಲಿ ಚುಕ್ಕಿ ನೀವು. ನೀವು ನಡೆದಂಗೆ ಚುಕ್ಕಿ ನಡೆಯುತ್ತೆ.”

ಬಳಗಕ್ಕೆ ಹೊಸದಾಗಿ ಸೇರಿದ್ದ ಟೈಲರ್ ಅಕ್ಕ ಒಬ್ಬರು ಇದನ್ನು ಭಕ್ತಿಯಿಂದ ಪಾಲಿಸಿದ್ದರು. ಫೋನು ಕೈಯಲ್ಲಿ ಹಿಡಿದು, ಅದನ್ನೇ ನೋಡುತ್ತಾ ಹತ್ತುತ್ತಿದ್ದರು. ಅರ್ಧ ಬೆಟ್ಟ ಹತ್ತುವ ಹೊತ್ತಿಗೆ ಅವರ ಮುಖ ಸಪ್ಪಗಾಯಿತು.

“ಮೇಡಂ, ಆಗ್ಲಿಂದ ನಡೀತಾನೇ ಇದೀನಿ. ಈ ಚುಕ್ಕಿ ಒಂದ್ ಇಂಚೂ ಅಲ್ಲಾಡಿಲ್ಲ. ಎಷ್ಟು ದೊಡ್ಡದ್ರೀ ಈ ಬೆಟ್ಟ?”

ಫೋನು ಇಸಿದುಕೊಂಡು ನೋಡಿದೆ. ಅದು ಮ್ಯಾಪ್ ಅಲ್ಲ, ಮ್ಯಾಪಿನ ಫೋಟೋ. ಹಿಂದಿನ ದಿನ ಸಂಜೆ ಮನೆಯಲ್ಲಿ ಕೂತು ಸ್ಕ್ರೀನ್‌ಶಾಟ್ ತೆಗೆದಿದ್ದರು. ಒಂದು ತುದಿಯಲ್ಲಿ ಬೆಟ್ಟ, ಇನ್ನೊಂದು ತುದಿಯಲ್ಲಿ ಕಡೂರಿನ ಅವರ ಮನೆಯ ಮೇಲೆ ನೀಲಿ ಚುಕ್ಕಿ.

ವಿಷಯ ಹೇಳಿದೆ. ಒಂದು ಗಳಿಗೆ ಯೋಚಿಸಿದರು. ಆಮೇಲೆ ಮುಖ ಅರಳಿತು.

“ಹಂಗಾದ್ರೆ ನಾನಿನ್ನೂ ಮನೇಲೇ ಇದೀನಿ! ಅದಕ್ಕೇ ನೋಡಿ ಸುಸ್ತೇ ಆಗ್ತಿಲ್ಲ.”

ಉತ್ತರ ಎಲ್ಲಿದೆ?

ಫೋನು ನಂಬಿದರೆ ಕಷ್ಟ ಅಂತ ದಿಕ್ಸೂಚಿ ಕಲಿಸಲು ಹೊರಟೆ. ಅಜ್ಜಂಪುರದ ಕಡೆ ಕಾವಲಿನ ಹುಲ್ಲುಬಯಲು ಇದೆಯಲ್ಲ, ಮರವಿಲ್ಲ, ಮನೆಯಿಲ್ಲ, ಸುತ್ತ ಆಕಾಶ. ಅಲ್ಲಿ ಎಲ್ಲರನ್ನೂ ನಿಲ್ಲಿಸಿ, ಒಬ್ಬೊಬ್ಬರ ಕೈಗೂ ಒಂದೊಂದು ದಿಕ್ಸೂಚಿ ಕೊಟ್ಟು, ಕೆಂಪು ಮುಳ್ಳು ಯಾವ ಕಡೆ ತೋರಿಸುತ್ತೆ, ಅದನ್ನು ನೋಡಿಕೊಂಡು ದಾರಿ ಹಿಡಿಯುವುದು ಹೇಗೆ ಅಂತ ತೋರಿಸಿದೆ. ಎಲ್ಲರಿಗಿಂತ ಆಸಕ್ತಿ ತೋರಿಸಿದವರು ತರೀಕೆರೆಯ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರು. “ಒಂದೆರಡು ದಿನ ಇದು ನನ್ನ ಹತ್ರ ಇರಲಿ ಮೇಡಂ, ಮನೇಲಿ ಪ್ರಾಕ್ಟೀಸ್ ಮಾಡ್ತೀನಿ” ಅಂದರು. ಕೊಟ್ಟು ಕಳಿಸಿದೆ.

ವಾರ ಕಳೆಯುವುದರೊಳಗೆ ಅವರ ಹೆಂಡತಿಯಿಂದ ಫೋನು.

“ನೀವೇನಾ ಬೆಟ್ಟದ ಮೇಡಮ್ಮು? ನಮ್ಮನೆಯೋರಿಗೆ ನೀವು ಬೆಟ್ಟ ಹತ್ತೋದು ಕಲಿಸಿದ್ರೋ, ಮನೆ ಕೆಡವೋದು ಕಲಿಸಿದ್ರೋ?”

ಆಗಿದ್ದೇನೆಂದರೆ, ಮ್ಯಾನೇಜರು ದಿಕ್ಸೂಚಿ ಹಿಡಿದು ಮನೆಯ ವಾಸ್ತು ನೋಡಲು ಹೊರಟಿದ್ದರು. ಅಡುಗೆಮನೆಗೆ ಹೋಗಿ ಮುಳ್ಳು ನೋಡಿದರೆ, ಇಷ್ಟು ವರ್ಷ ಆಗ್ನೇಯ ಅಂದುಕೊಂಡಿದ್ದ ಮೂಲೆ ಈಶಾನ್ಯ ಅಂತ ಬಂತು. ಈಶಾನ್ಯದಲ್ಲಿ ಒಲೆ! ತಮ್ಮ ಪ್ರಮೋಷನ್ ತಪ್ಪಿದ್ದಕ್ಕೂ, ಮಗಳ ಕೂದಲು ಉದುರುವುದಕ್ಕೂ ಕಾರಣ ಸಿಕ್ಕಿಬಿಟ್ಟಿತು. ಆವತ್ತೇ ಗಾರೆಯವರನ್ನು ಕರೆಸಿ ಒಲೆಯ ಕಟ್ಟೆಯನ್ನು ಒಡೆಸಿಬಿಟ್ಟರು. ಒಲೆ ಈಗ ಹಿತ್ತಲಲ್ಲಿದೆ, ಆಕೆ ಗಾಳಿಗೆ ಅಡ್ಡಲಾಗಿ ತಗಡು ಹಿಡಿದುಕೊಂಡು ರೊಟ್ಟಿ ಸುಡುತ್ತಿದ್ದಾರೆ.

ನಾನೇ ತರೀಕೆರೆಗೆ ಹೋದೆ. ಮ್ಯಾನೇಜರು ಉತ್ಸಾಹದಿಂದ ಅಡುಗೆಮನೆಗೆ ಕರೆದುಕೊಂಡು ಹೋಗಿ, “ಇಲ್ಲೇ ಇಟ್ಟು ನೋಡಿದ್ದು, ಪಕ್ಕಾ ಸಮತಟ್ಟು ಜಾಗ” ಅಂತ ತೋರಿಸಿದರು. ನೋಡಿದರೆ ಅದು ಗ್ಯಾಸ್ ಸಿಲಿಂಡರಿನ ತಲೆ.

“ಸರ್, ದಿಕ್ಸೂಚಿ ಹತ್ರ ಕಬ್ಬಿಣ ಇಡಬೇಡಿ ಅಂತ ಅವತ್ತು ಹೇಳಿರಲಿಲ್ವಾ?”

“ಬೆಟ್ಟದ ಮೇಲೆ ಇಡಬಾರದು ಅಂದ್ಕೊಂಡೆ.”

ದಿಕ್ಸೂಚಿಯನ್ನು ಅಂಗಳಕ್ಕೆ ತಂದು ಇಟ್ಟೆ. ಒಲೆ ಮೊದಲಿಂದಲೂ ಆಗ್ನೇಯದಲ್ಲೇ ಇತ್ತು. ಆಕೆ ರೊಟ್ಟಿ ಮಗುಚುವ ಕಡ್ಡಿಯನ್ನು ಗಂಡನ ಕಡೆ ತಿರುಗಿಸಿ ಹೇಳಿದರು: “ಮೇಡಂ, ಒಂದು ಉಪಕಾರ ಮಾಡಿ. ಇವರಿಗೆ ಬೇಕಾದ್ರೆ ಎವರೆಸ್ಟ್ ಹತ್ತಿಸಿ. ನನ್ನ ಅಡುಗೆಮನೆ ಹೊಸ್ತಿಲು ಮಾತ್ರ ಹತ್ತಿಸಬೇಡಿ.”

ಯಾವ್ದಕ್ಕೆ ಮಳೆ ಅನ್ನೋದು?

ಹವಾಮಾನ ತಿಳಿಯದೆ ಬೆಟ್ಟಕ್ಕೆ ಹೋಗಬಾರದು. ಅದಕ್ಕೆ ಲಿಂಗದಹಳ್ಳಿಯಿಂದ ಮೇಲೆ ಹೋಗುವ ದಾರಿಯಲ್ಲಿ ಟೀ ಅಂಗಡಿ ಇಟ್ಟಿರುವ ಒಬ್ಬ ಅಮ್ಮನ ನಂಬರು ಇಟ್ಟುಕೊಂಡಿದ್ದೇನೆ. ಹೊರಡುವ ಮುಂಚೆ ಫೋನು ಮಾಡಿ, “ಅಮ್ಮಾ, ಮಳೆ ಇದೆಯಾ?” ಅಂತ ಕೇಳುವುದು. ಮೊದಲ ಸಲ ಕೇಳಿದಾಗ “ಏ, ಎಲ್ಲಿ ಮಳೆ? ಬನ್ನಿ ಬನ್ನಿ” ಅಂದರು. ಹೋಗಿ ವ್ಯಾನಿನಿಂದ ಇಳಿದರೆ ಎದುರಿಗಿದ್ದವರ ಮುಖ ಕಾಣದ ಹಾಗೆ ಸುರಿಯುತ್ತಿದೆ.

“ಏನಮ್ಮಾ, ಮಳೆ ಇಲ್ಲ ಅಂದ್ರಲ್ಲ?”

ಅಮ್ಮ ತಲೆ ಹೊರಗೆ ಹಾಕಿ ಆಕಾಶ ನೋಡಿದರು. “ಇದಾ? ಇದು ಹನಿ ಕಣವ್ವ. ಮಳೆ ಬಂದ್ರೆ ನಾನ್ಯಾಕೆ ಅಂಗಡಿ ತೆಗೀಲಿ?”

ಅವತ್ತು ನಮ್ಮ ಜೊತೆ ಪಂಚನಹಳ್ಳಿಯ ತೆಂಗಿನ ತೋಟದವರೊಬ್ಬರು ಬಂದಿದ್ದರು. ಅವರ ಕಡೆ ನಾಲ್ಕು ಹನಿ ಬಿದ್ದರೆ ‘ಭರ್ಜರಿ ಮಳೆ’ ಅಂತ ನೆಂಟರಿಗೆಲ್ಲ ಫೋನು ಹೋಗುತ್ತದೆ. ಎಲ್ಲರೂ ರೇನ್‌ಕೋಟು ಹಾಕಿಕೊಳ್ಳುತ್ತಿದ್ದರೆ ಅವರು ಮಾತ್ರ ಕೈ ಚಾಚಿಕೊಂಡು ರಸ್ತೆಯ ನಡುವೆ ನಿಂತುಬಿಟ್ಟರು.

“ಅಣ್ಣಾ, ಕೋಟು ಹಾಕ್ಕೊಳ್ಳಿ, ಜ್ವರ ಬರುತ್ತೆ!”

“ಬರೋ ಮಳೆಗೆ ಅಡ್ಡ ಹಿಡೀಬಾರ್ದು ಮೇಡಂ. ಬೇಜಾರು ಮಾಡ್ಕೊಂಡು ಹೊರಟೋಯ್ತದೆ.”

ಅಷ್ಟಕ್ಕೇ ನಿಲ್ಲಲಿಲ್ಲ. ಫೋನು ತೆಗೆದು ಹೆಂಡತಿಗೆ ವಿಡಿಯೋ ಕಾಲ್ ಹಚ್ಚಿದರು. “ಲೇ, ನೋಡೇ ಇಲ್ಲಿ, ನೋಡೇ! ಚರಂಡೀಲಿ ಹೆಂಗೆ ಹರೀತೈತೆ ನೋಡು! ಯಾರೂ ಕೇಳೋರೇ ಇಲ್ಲ!” ಅಂತ ಕೂಗುತ್ತಾ ಬೆಟ್ಟ, ಮೋರಿ, ತಮ್ಮ ನೆನೆದ ತಲೆ ಎಲ್ಲ ತೋರಿಸಿದರು. ಆ ಕಡೆಯಿಂದ ಹೆಂಡತಿಯ ಧ್ವನಿ ನಮಗೆಲ್ಲ ಕೇಳಿಸುವ ಹಾಗೆ ಬಂತು:

“ನೀವು ಬರ್ದಿದ್ರೂ ಪರವಾಗಿಲ್ಲ ಕಣ್ರೀ, ಅದನ್ನ ಕಳಿಸಿ!”

ಉಪ್ಪು

ಮಳೆಗಾಲದಲ್ಲಿ ಕೆಮ್ಮಣ್ಣುಗುಂಡಿ ಕಡೆ ಹೋದರೆ ಇಂಬಳದ ಕಾಟ. ಹುಲ್ಲಿನಿಂದ ಕಾಲಿಗೆ ಹತ್ತಿ ಸದ್ದಿಲ್ಲದೆ ರಕ್ತ ಹೀರುತ್ತವೆ. ಒಂದು ಬಟ್ಟೆಯಲ್ಲಿ ಸ್ವಲ್ಪ ಉಪ್ಪು ಗಂಟು ಕಟ್ಟಿಕೊಂಡು ಬನ್ನಿ, ಹತ್ತಿದಾಗ ಮುಟ್ಟಿಸಿದರೆ ಬಿದ್ದುಹೋಗುತ್ತವೆ ಅಂತ ಹೇಳಿದ್ದೆ.

ಬಳಗದಲ್ಲಿ ಒಬ್ಬರು ಕನ್ನಡ ಮೇಷ್ಟ್ರಿದ್ದಾರೆ. ಹಾವಿಗೆ ಹೆದರುವುದಿಲ್ಲ, ಹೆಡ್‌ಮಾಸ್ಟರಿಗೆ ಹೆದರುವುದಿಲ್ಲ, ಇಂಬಳ ಅಂದರೆ ಮೈ ಜುಮ್ಮೆನ್ನುತ್ತದೆ. ಅವರು ಗಂಟು ಕಟ್ಟಲಿಲ್ಲ. ಎರಡೂ ಸಾಕ್ಸಿನ ತುಂಬ ಕಲ್ಲುಪ್ಪು ತುಂಬಿ, ಪ್ಯಾಂಟಿಗೂ ಉಪ್ಪುನೀರು ಸವರಿಕೊಂಡು ಬಂದಿದ್ದರು. ನಡೆದರೆ ಕರಕರ ಅಂತ ಸದ್ದು. ನಮ್ಮೆಲ್ಲರ ಕಾಲಿಗೂ ಇಂಬಳ ಹತ್ತಿತು, ಅವರಿಗೆ ಒಂದೂ ಹತ್ತಲಿಲ್ಲ. ಬೀಗುತ್ತಾ ಮುಂದೆ ಮುಂದೆ ನಡೆದರು.

ಇಳಿದು ಬರುವಾಗ ದಾರಿಯಲ್ಲಿ ದನಗಳು ಮೇಯುತ್ತಿದ್ದವು. ಒಂದು ಹಸು ತಲೆ ಎತ್ತಿ ಮೂಸಿತು. ಬಂದು ಮೇಷ್ಟ್ರ ಪ್ಯಾಂಟು ನೆಕ್ಕಿತು. ಮೇಷ್ಟ್ರು “ಹೋಗಮ್ಮಾ ತಾಯಿ” ಅಂದರು. ತಾಯಿ ಹೋಗಲಿಲ್ಲ, ಇನ್ನೊಂದು ತಾಯಿಯನ್ನು ಕರೆದಳು. ನೋಡನೋಡುತ್ತಿದ್ದ ಹಾಗೆ ಇಡೀ ಮಂದೆ ಮೇವು ಬಿಟ್ಟು ಮೇಷ್ಟ್ರ ಹಿಂದೆ ಬಿತ್ತು. ಮೇಷ್ಟ್ರು ಓಡಿದರೆ ಅವೂ ಓಡುತ್ತವೆ, ನಿಂತರೆ ನೆಕ್ಕುತ್ತವೆ. ದನ ಕಾಯುವ ಅಜ್ಜ ಕೋಲು ಹಿಡಿದುಕೊಂಡು ಏದುಸಿರು ಬಿಡುತ್ತಾ ಬಂದು ಕೈಮುಗಿದ.

“ಸ್ವಾಮೀ, ನಿಮಗೆ ಪುಣ್ಯ ಬತ್ತದೆ, ಹಂಗೇ ಕೆಳಗಿಳೀರಿ. ದಿನಾ ಇವನ್ನ ಮನೆಗೆ ಹೊಡ್ಕೊಂಡು ಹೋಗೋಕೆ ನನ್ನ ಜೀವ ಹೋಯ್ತದೆ. ನಾಳೇನೂ ಬತ್ತೀರಾ?”

ಮೂರು ಸಲ ಸೀಟಿ

ಇನ್ನು ನಮ್ಮತ್ತೆಯ ವಿಷಯ. ಅರವತ್ತು ದಾಟಿದ ಮೇಲೆ ಬೆಟ್ಟದ ಹುಚ್ಚು ಹಿಡಿಸಿಕೊಂಡವರು. ಅವರು ಹೊರಡುವ ಕ್ರಮವೇ ಬೇರೆ. ಒಳಗೆ ಟ್ರ್ಯಾಕ್ ಪ್ಯಾಂಟು, ಮೇಲೆ ಸೀರೆ. ವ್ಯಾನು ಇಳಿದು, ಕೊನೆಯ ಮನೆ ದಾಟಿದ ಮೇಲೆ ಸೀರೆ ಬಿಚ್ಚಿ, ನೀಟಾಗಿ ಮಡಿಸಿ, ಬ್ಯಾಗಿಗೆ ಹಾಕಿಕೊಂಡು ಬೆಟ್ಟ ಹತ್ತುತ್ತಾರೆ. ಇಳಿದ ಮೇಲೆ ಮತ್ತೆ ಸೀರೆ. ಬಳಗದವರನ್ನು ಬಿಟ್ಟರೆ ಈ ಗುಟ್ಟು ಯಾರಿಗೂ ಗೊತ್ತಿರಲಿಲ್ಲ.

ಆಗ ನನ್ನ ಮೈದುನನಿಗೆ ಅಜ್ಜಂಪುರದ ಒಂದು ಹುಡುಗಿ ನೋಡಿದ್ದೆವು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿಕೊಂಡುಬಿಟ್ಟಿದ್ದರು. ಕೆಟ್ಟಿದ್ದು ಇಬ್ಬರು ತಾಯಂದಿರ ಮಾತಿನಿಂದ. ಹೆಣ್ಣು ನೋಡಲು ಹೋದ ದಿನ ಹುಡುಗಿಯ ತಾಯಿ ತಲೆ ತುಂಬ ಸೆರಗು ಹೊದ್ದು, “ನಾನಂತೂ ಮಠಕ್ಕೆ ಬಿಟ್ರೆ ಹೊಸ್ತಿಲು ದಾಟೋಳಲ್ಲ. ಮಂಡಿನೋವು ಬೇರೆ” ಅಂದರು. ನಮ್ಮತ್ತೆ ಬಿಡುತ್ತಾರೆಯೇ? “ನಮ್ಮನೇಲೂ ಅಷ್ಟೇ. ಹೆಂಗಸರು ಪೂಜೆ ಮುಗಿಸದೆ ಒಂದು ತೊಟ್ಟು ನೀರು ಕುಡಿಯಲ್ಲ. ಸೀರೆ ಬಿಟ್ಟು ಬೇರೆ ಉಟ್ಟೋರಲ್ಲ” ಅಂದುಬಿಟ್ಟರು. ನಾನು ಪಕ್ಕದಲ್ಲಿ ಕೂತು ಉಪ್ಪಿಟ್ಟು ನುಂಗಲಾಗದೆ ಒದ್ದಾಡಿದೆ.

ಮನೆಗೆ ಬಂದ ಮೇಲೆ ಅತ್ತೆಗೆ ಚಿಂತೆ ಶುರುವಾಯಿತು. “ಅವರದು ತುಂಬಾ ಆಚಾರದ ಮನೆ ಕಣೇ. ನಾನು ಪ್ಯಾಂಟು ಹಾಕೋದು ಗೊತ್ತಾದ್ರೆ ಏನಂದ್ಕೊಂಡಾರು? ಈ ಸಂಬಂಧ ನಮಗೆ ಹೊಂದಲ್ಲ.” ಆ ಕಡೆಯಿಂದಲೂ, ‘ಅಷ್ಟು ಕಟ್ಟುನಿಟ್ಟಿನ ಮನೆಗೆ ನಮ್ಮ ಹುಡುಗಿ ಹೊಂದಿಕೊಳ್ತಾಳೋ ಇಲ್ವೋ, ಯೋಚನೆ ಮಾಡ್ತೀವಿ’ ಅಂತ ಸುದ್ದಿ ಬಂತು. ಮೈದುನ ಊಟ ಬಿಟ್ಟ. ನಾನು ಎಷ್ಟು ಹೇಳಿದರೂ ಅತ್ತೆ ಒಪ್ಪಲಿಲ್ಲ. “ಆಡಿದ ಮಾತು ಆಡಿಯಾಯ್ತು. ಈಗ ಹೋಗಿ ಸುಳ್ಳು ಅನ್ನೋಕಾಗ್ತದಾ?” ಅಂತ ಕಣ್ಣೊರೆಸಿಕೊಂಡರು. ಮಗನ ಮುಖ ನೋಡಲಾಗದೆ ಅವರೂ ಸೊರಗಿದ್ದರು.

ಆ ತಿಂಗಳ ಬೆಟ್ಟದ ಭಾನುವಾರ ಕೆಮ್ಮಣ್ಣುಗುಂಡಿಯ ಆಚೆಯ ಹುಲ್ಲುಗುಡ್ಡಕ್ಕೆ ಹೊರಟೆವು. ಮನಸ್ಸಿಗೆ ಗೆಲುವಾಗಲಿ ಅಂತ ಮೈದುನನನ್ನೂ ಎಳೆದುಕೊಂಡು ಹೋದೆ. ವ್ಯಾನಿನಿಂದ ಇಳಿದ ಕೂಡಲೇ ಎಲ್ಲರ ಕೊರಳಿಗೂ ಒಂದೊಂದು ಸೀಟಿ ಹಾಕಿ ಹೇಳಿದೆ: “ಮಂಜು ಮುಸುಕಿದ್ರೆ ಒಬ್ಬರಿಗೊಬ್ಬರು ಕಾಣಲ್ಲ. ದಾರಿ ತಪ್ಪಿದ್ರೆ ನಿಂತಲ್ಲೇ ನಿಲ್ಲಿ. ಮೂರು ಸಲ ಸೀಟಿ ಊದಿ. ನಾವು ಬರೋತನಕ ಹೆಜ್ಜೆ ಕಿತ್ತಿಡಬೇಡಿ.”

ನಡುದಾರಿಯಲ್ಲಿ ಅತ್ತೆ “ಒಂದ್ನಿಮಿಷ ಬತ್ತೀನಿ ತಡಿ” ಅಂತ ಒಂದು ಪೊದೆಯ ಹಿಂದೆ ಹೋದರು. ಅಷ್ಟರಲ್ಲಿ ಕಣಿವೆಯಿಂದ ಮಂಜು ಎದ್ದು ಬಂತು. ಹಾಲು ಉಕ್ಕಿದ ಹಾಗೆ ಬಂದು ಪೊದೆ, ದಾರಿ, ನನ್ನ ಪಕ್ಕದಲ್ಲಿದ್ದ ಗಂಡ ಎಲ್ಲವನ್ನೂ ಮುಚ್ಚಿಬಿಟ್ಟಿತು. “ಅತ್ತೇ!” ಅಂತ ಕೂಗಿದೆ. ಉತ್ತರವಿಲ್ಲ. ಪೊದೆಯ ಹಿಂದೆ ಹೋಗಿ ಕೈಯಾಡಿಸಿದೆ. ಯಾರೂ ಇಲ್ಲ. ಆ ಗುಡ್ಡದ ಒಂದು ಮಗ್ಗುಲು ಕಡಿದಾಗಿದೆ. ಹಿಮಾಲಯದಲ್ಲಿ ಕಲಿತದ್ದೆಲ್ಲ ಮರೆತುಹೋಗಿ ಮನೆದೇವರ ಹೆಸರು ಮಾತ್ರ ನೆನಪಿಗೆ ಬರುತ್ತಿತ್ತು. ಮೈದುನ “ಅವ್ವಾ! ಅವ್ವಾ!” ಅಂತ ಕೂಗುತ್ತಾ ಅಳುವಂತಾಗಿದ್ದ.

ಆಗ ಕೇಳಿಸಿತು. ಪೀ, ಪೀ, ಪೀ.

ಜೀವ ಬಂತು. ಸದ್ದಿನ ಕಡೆ ಹೊರಟೆವು. ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಎದುರು ದಿಕ್ಕಿನಿಂದ ಮತ್ತೆ ಮೂರು ಸಲ ಪೀ, ಪೀ, ಪೀ! ಆ ಕಡೆ ತಿರುಗಿದೆವು. ಮೊದಲಿನ ಕಡೆಯಿಂದ ಮತ್ತೆ ಬಂತು. ಇದು ಕರೆದರೆ ಅದು ಓಗೊಡುತ್ತದೆ, ಅದು ಕರೆದರೆ ಇದು. ಇಬ್ಬರು ಯಾರೋ ದಾರಿ ತಪ್ಪಿದ್ದಾರೆ, ಇಬ್ಬರೂ ಇನ್ನೊಬ್ಬರನ್ನು ‘ಕಾಪಾಡಲು ಬಂದವರು’ ಅಂದುಕೊಂಡಿದ್ದಾರೆ, ಇಬ್ಬರೂ ನಿಂತಲ್ಲಿ ನಿಲ್ಲದೆ ಹತ್ತಿರ ಹತ್ತಿರ ಬರುತ್ತಿದ್ದಾರೆ! ಕೊನೆಗೆ ಎರಡೂ ಸೀಟಿ ಒಂದೇ ಕಡೆ ಕೇಳಿ, ಥಟ್ಟನೆ ನಿಂತುಹೋದವು.

ನಾವು ಓಡಿ ಹೋಗುವ ಹೊತ್ತಿಗೆ ಗಾಳಿ ಬೀಸಿ ಮಂಜು ಸ್ವಲ್ಪ ತೆಳುವಾಯಿತು. ಒಂದು ಬಂಡೆಯ ಪಕ್ಕ ಇಬ್ಬರು ಹೆಂಗಸರು ಒಬ್ಬರ ಕೈ ಒಬ್ಬರು ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದರು. ಒಬ್ಬರು ನಮ್ಮತ್ತೆ: ನೇರಳೆ ಟ್ರ್ಯಾಕ್ ಪ್ಯಾಂಟು, ಮಗನ ಹಳೇ ಟೀ ಶರ್ಟು. ಇನ್ನೊಬ್ಬರದು ಕಪ್ಪು ಟ್ರ್ಯಾಕ್ ಪ್ಯಾಂಟು, ಮೇಲೆ ಜಾಕೆಟ್ಟು, ತಲೆಗೆ ಟೋಪಿ, ಕೊರಳಲ್ಲಿ ತಮ್ಮದೇ ಒಂದು ಸೀಟಿ. ಆಕೆ ಟೋಪಿ ತೆಗೆದು ಬೆವರು ಒರೆಸಿಕೊಂಡಾಗ ಗುರುತು ಸಿಕ್ಕಿತು. ಅಜ್ಜಂಪುರದವರು! ಹುಡುಗಿಯ ತಾಯಿ!

ಅವರಿಬ್ಬರೂ ಆಗ ತಾನೇ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಿಕೊಂಡಿದ್ದರು. ಹಿಡಿದ ಕೈ ಹಾಗೇ ಇತ್ತು.

ಕೊನೆಗೆ ನಮ್ಮತ್ತೆ ಗಂಟಲು ಸರಿ ಮಾಡಿಕೊಂಡು ಕೇಳಿದರು, “ಮಂಡಿನೋವು ಅಂದಿದ್ರಿ?”

“ಹತ್ತೋವಾಗ ಇರಲ್ಲ. ಇಳಿಯೋವಾಗ ಐತೆ,” ಅಂದರು ಆಕೆ. ಆಮೇಲೆ ನಮ್ಮತ್ತೆಯನ್ನು ಮೇಲಿಂದ ಕೆಳಗೆ ನೋಡಿ, “ನೀವು ಸೀರೆ ಬಿಟ್ಟು ಬೇರೆ ಉಡಲ್ಲ ಅಂದಿದ್ರಿ?”

“ಉಟ್ಕೊಂಡೇ ಬಂದೆ. ಬ್ಯಾಗಲ್ಲೈತೆ.”

“ನಂದೂ ಬ್ಯಾಗಲ್ಲೈತೆ.”

ಆಮೇಲೆ ಯಾರು ಮೊದಲು ನಕ್ಕರೋ ಗೊತ್ತಿಲ್ಲ, ಇಬ್ಬರೂ ಬಂಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಅಷ್ಟರಲ್ಲಿ ಆ ಕಡೆಯಿಂದ “ಅಮ್ಮಾ, ಎಲ್ಲಿದೀಯಾ?” ಅಂತ ಕೂಗುತ್ತಾ ಹುಡುಗಿ ಮಂಜಿನಿಂದ ಹೊರಗೆ ಬಂದಳು. ತಾಯಿಯನ್ನು ನೋಡಿದಳು, ನಮ್ಮತ್ತೆಯನ್ನು ನೋಡಿದಳು, ಎರಡೂ ಪ್ಯಾಂಟುಗಳನ್ನು ನೋಡಿದಳು, ಕೊನೆಗೆ ನನ್ನ ಮೈದುನನನ್ನು ನೋಡಿ ತಲೆ ತಗ್ಗಿಸಿ ನಗಲು ಶುರುಮಾಡಿದಳು. ಅವನು ತಾಯಿ ಸಿಕ್ಕಿದ ಸಂತೋಷಕ್ಕೋ, ಇವಳು ಸಿಕ್ಕಿದ ಸಂತೋಷಕ್ಕೋ ಮೂಗು ಒರೆಸಿಕೊಳ್ಳುತ್ತಿದ್ದ.

ಅಲ್ಲೇ ಬಂಡೆಯ ಮೇಲೆ ಕೂತು ಯಾರದೋ ಬ್ಯಾಗಿನಲ್ಲಿದ್ದ ಕಡಲೆಮಿಠಾಯಿ ಹಂಚಿಕೊಂಡು ಬಾಯಿ ಸಿಹಿ ಮಾಡಿಕೊಂಡೆವು. ಸಂಬಂಧ ಗಟ್ಟಿಯಾಯಿತು.

ಮುಂದಿನ ವಾರ ಅಜ್ಜಂಪುರದಲ್ಲಿ ಹಿರಿಯರೆಲ್ಲ ಸೇರಿ ಮಾತುಕತೆ. ಇಬ್ಬರು ತಾಯಂದಿರೂ ರೇಷ್ಮೆ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು, ಬೆಟ್ಟವನ್ನು ಚಿತ್ರದಲ್ಲೂ ಕಂಡವರಲ್ಲ ಅನ್ನುವ ಹಾಗೆ ಕೂತಿದ್ದರು. ಹುಡುಗಿಯ ಸೋದರಮಾವ ಎಲೆಅಡಿಕೆ ತಟ್ಟೆ ಮುಂದಿಟ್ಟು ನಮ್ಮತ್ತೆಯನ್ನು ಕೇಳಿದರು: “ಏನಮ್ಮಾ, ಗಂಡಿನ ಕಡೆಯೋರು ನೀವು. ನಿಮ್ಮದು ಏನಾದ್ರೂ ಕೇಳೋದಿದ್ರೆ ಈಗಲೇ ಬಾಯಿ ಬಿಟ್ಟು ಹೇಳಿಬಿಡಿ.”

ನಮ್ಮತ್ತೆ ಸೆರಗು ಸರಿ ಮಾಡಿಕೊಂಡು, ಬೀಗಿತ್ತಿಯ ಕಡೆ ತಿರುಗಿದರು.

“ನಮಗೇನೂ ಬೇಡಪ್ಪ. ಆ ಕಪ್ಪು ಪ್ಯಾಂಟು ಎಲ್ಲಿ ತಗೊಂಡ್ರಿ, ಅದೊಂದು ಹೇಳಿಬಿಡಿ. ನಂದಕ್ಕೆ ಜೇಬಿಲ್ಲ.”